ತಿಮ್ಮಣ್ಣನ ಮೂಗು

ಸತ್ತ ದನದ ಮುಂದೆ ತಿಮ್ಮಣ್ಣ ಯಾವತ್ತೂ ಮೂಗು ಮುಚ್ಚಿಕೊಂಡವರಲ್ಲ. ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದು, "ಮೊನ್ನೆ ಸಾಯಂಕಾಲದ್ದು ಡಾಕ್ಟ್ರಮ್ಮಾ" ಎನ್ನುತ್ತಿದ್ದರು. ದೊಡ್ಡಬೆಳವಂಗಲದ ಕಡೆಯ ಪಶು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ನಾನು ಪದವಿಯ ಜಂಬದಲ್ಲಿ, ಅದು ನಿಜವೇ ಎಂದು ಊರವರನ್ನು ವಿಚಾರಿಸಿ ನೋಡುತ್ತಿದ್ದೆ. ಪ್ರತಿಸಲವೂ ನಾನೇ ಪೆಚ್ಚಾಗುತ್ತಿದ್ದೆ.

ತಿಮ್ಮಣ್ಣ ನಮ್ಮ ಆಸ್ಪತ್ರೆಯ ಅಟೆಂಡರ್. ನಾನು ಬ್ಯಾಕ್ಟೀರಿಯಾ ಎಂದು ಓದಿದ್ದನ್ನು ಅವರು ಮನೆಮಂದಿಯ ಸುದ್ದಿಯಂತೆ ಹೇಳುತ್ತಿದ್ದರು. "ಉಸಿರು ನಿಂತಿದ್ದೇ ತಡ, ಹೊಟ್ಟೇಲಿರೋ ಕಣ್ಣಿಗೆ ಕಾಣದವು ಅಡುಗೆಗೆ ನಿಲ್ತವೆ. ಆ ಘಮಲು ನಮಗಿನ್ನೂ ಬಂದೇ ಇರಲ್ಲ, ಹಸಿರು ನೊಣಕ್ಕೆ ಆಗ್ಲೇ ಕರೆ ಹೋಗಿರ್ತದೆ. ಅದು ಮೊಟ್ಟೆ ಇಡ್ತದೆ. ಹುಳ ತಿಂದಷ್ಟೂ ವಾಸ್ನೆ ಬದಲಾಯ್ತದೆ, ಬೇರೆ ನೆಂಟ್ರು ಬತ್ತಾರೆ. ಚಕ್ಕಳ ಒಣಗಿದ ಮೇಲೆ ಕರಿ ಜೀರುಂಡೆ. ಕೊನೇ ಪಂಕ್ತಿ ಅವುಗಳ್ದು." ಹೇಳುವಾಗ ಸಣ್ಣಗೆ ನಗುತ್ತಿದ್ದರು. ಅಂಥ ದಿನ ನನಗೆ ಮಧ್ಯಾಹ್ನದ ಬುತ್ತಿ ಸೇರುತ್ತಿರಲಿಲ್ಲ.

ಕೊರೊನಾ ಜ್ವರ ಬಂದು ಹೋಯಿತು; ಅದರ ಜೊತೆ ಆ ಮೂಗೂ ಹೋಯಿತು. ತಿಮ್ಮಣ್ಣ ಯಾರಿಗೂ ಹೇಳಲಿಲ್ಲ. ಊರವರು ಅವರನ್ನು ಕೂರಿಸಿ ಕಾಫಿ ಕೊಡುತ್ತಿದ್ದುದು ಆ ಮೂಗಿಗೆ. ಅದಿಲ್ಲವೆಂದರೆ ಅವರು ಆಸ್ಪತ್ರೆಯ ಗೇಟು ತೆಗೆಯುವ ಆಳು, ಅಷ್ಟೇ. ಹಾಗಾಗಿ ಉಸಿರೆಳೆದಂತೆ ನಟಿಸಿ, ಅರೆಗಣ್ಣಲ್ಲಿ ನೊಣ, ಹುಳ ನೋಡಿಕೊಂಡು ಸತ್ತ ದಿನ ಹೇಳುತ್ತಿದ್ದರು. ಪಕ್ಕದಲ್ಲೇ ಇದ್ದ ನನಗೂ ಗೊತ್ತಾಗಲಿಲ್ಲ.

ಒಂದು ಡಿಸೆಂಬರ್ ಬೆಳಗ್ಗೆ, ಎದುರಿನ ಮರವೂ ಕಾಣದಂಥ ಮಂಜು. ಲಕ್ಷ್ಮಮ್ಮ ಎಂಬ ಒಂಟಿ ಹೆಂಗಸಿನ ಕರು ಕಾಣೆಯಾಗಿ ನಾಲ್ಕು ದಿನವಾಗಿತ್ತು. ನೀಲಗಿರಿ ತೋಪಿನ ಹಳ್ಳದಲ್ಲಿ, ಪೊದೆಯೊಳಗೆ ಏನೋ ಬೆಳ್ಳಗೆ ಕಾಣುತ್ತದೆಂದು ನಮ್ಮನ್ನು ಕರೆಸಿದರು. ಆಕೆ ಹೆದರಿ ದಾರಿಯಲ್ಲೇ ನಿಂತರು. ತಿಮ್ಮಣ್ಣ ಮುಂದಾಗಿ ಇಳಿದರು. ಆ ಚಳಿಗೆ ಒಂದು ನೊಣವೂ ಹಾರುತ್ತಿರಲಿಲ್ಲ. ಪೊದೆಯೊಳಗೆ ಕೈ ತೂರಿಸಿ ಕರುವಿನ ಹೊಟ್ಟೆ ಮುಟ್ಟಿದವರು ಕೂಗಿಕೊಂಡರು: "ಬದುಕೈತೆ! ಮೈ ಬೆಚ್ಚಗೈತೆ, ಒಳಗೆ ಮಿಸುಕಾಡ್ತೈತೆ!"

ಮೇಲೆ ಲಕ್ಷ್ಮಮ್ಮ "ಅಯ್ಯೋ ನನ್ನವ್ವಾ" ಎಂದು ಅಳುತ್ತಲೇ ನಗತೊಡಗಿದರು. ನಾನಿನ್ನೂ ಹಳ್ಳಕ್ಕೆ ಇಳಿಯುತ್ತಿದ್ದೆ. ಗಾಳಿಯಿಲ್ಲದೆ ಅಲ್ಲೇ ಮಡುಗಟ್ಟಿದ್ದ ವಾಸನೆ ಒಮ್ಮೆಗೇ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು ಬಂತು. ಬೆಚ್ಚಗಿದ್ದದ್ದು, ಗುಂಪಾಗಿ ತಿನ್ನುತ್ತ ಬಿಸಿಯೇರಿದ್ದ ಹುಳುಗಳ ರಾಶಿ. ಮಿಸುಕಾಡುತ್ತಿದ್ದದ್ದೂ ಅವೇ.

ತಿಮ್ಮಣ್ಣ ನನ್ನ ಮುಖ ನೋಡಿದರು. ಕೈ ಹೊರಗೆಳೆದು, ಅಂಗೈಯನ್ನು ಮೂಗಿಗೆ ಹಿಡಿದು, ಜೋರಾಗಿ ಉಸಿರೆಳೆದರು. "ಏನೂ ಬರ್ತಿಲ್ಲ ಡಾಕ್ಟ್ರಮ್ಮಾ. ಜ್ವರ ಬಂದಾಗಿಂದ ಏನೂ ಬರ್ತಿಲ್ಲ," ಎಂದರು. ಬೆರಳ ಸಂದಿಯಲ್ಲಿ ಹುಳುಗಳು ಹರಿಯುತ್ತಿದ್ದವು. ಸಿಟ್ಟು ಬರಬೇಕಿತ್ತು; ನನಗೆ ಅವರನ್ನು ನೋಡಿ ಅಳು ಬಂತು.

ಓಡಿಬರುತ್ತಿದ್ದ ಲಕ್ಷ್ಮಮ್ಮನನ್ನು ದಾರಿಯಲ್ಲೇ ತಡೆದೆ. "ಈಗ ತಾನೇ ಹೋಯ್ತು. ನೋಡ್ಬೇಡಿ," ಎಂದೆ.

ತಿಂಗಳೊಳಗೆ ತಿಮ್ಮಣ್ಣ ಕೆಲಸ ಬಿಟ್ಟು ವಿಜಯಪುರದ ಮಗಳ ಮನೆ ಸೇರಿದರು. ಹೋದ ವರ್ಷ ತೀರಿಕೊಂಡರು. ಲಕ್ಷ್ಮಮ್ಮ ಈಗಲೂ ಆಸ್ಪತ್ರೆಗೆ ಬಂದಾಗಲೆಲ್ಲ ಕೇಳುತ್ತಾರೆ: "ತಿಮ್ಮಣ್ಣನ ಮಾತು ಯಾವತ್ತೂ ತಪ್ಪಿದ್ದಿಲ್ಲ. ಅವ್ರು ಮುಟ್ಟಿದಾಗ ಜೀವ ಇತ್ತು. ನೀವು ಬಿರ್‍ರನೆ ಇಳಿದಿದ್ರೆ ಉಳೀತಿತ್ತೇನವ್ವಾ?"

"ಉಳೀತಿತ್ತು ಲಕ್ಷ್ಮಮ್ಮ," ಎನ್ನುತ್ತೇನೆ. "ನಾನೇ ತಡ ಮಾಡಿದೆ."