ಮೊಮ್ಮಗಳ ಸೀಸದ ಗುಂಡು, ನನ್ನ ತಾಮ್ರದ ತಂಬಿಗೆ

ತೀರ್ಥದ ತಂಬಿಗೆಗೆ ಪಿಸ್ತೂಲಿನ ಗುಂಡು ಹಾಕಿದವರನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ವಡಾಲಕ್ಕೆ ಬನ್ನಿ. ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಗೆ ಹತ್ತಿ, ಬೆಲ್ ಒತ್ತಿ. ಬಾಗಿಲು ತೆಗೆಯುವ ಈ ಅಜ್ಜಿಯೇ, ಅಂದರೆ ನಾನೇ ಆ ಪುಣ್ಯಾತ್ಗಿತ್ತಿ!

ಗಾಬರಿ ಬೇಡ. ನನ್ನ ಮೊಮ್ಮಗಳು ನಂದಿನಿ, ಕಾಲೇಜು ಹುಡುಗಿ, ಗೋರೆಗಾಂವಿನ ಒಂದು ಕ್ಲಬ್ಬಿನ ರೇಂಜಿನಲ್ಲಿ, ಅಂದರೆ ಗುಂಡು ಹಾರಿಸುವ ಅಂಗಳದಲ್ಲಿ, ಪಿಸ್ತೂಲ್ ಶೂಟಿಂಗ್ ಕಲಿಯುತ್ತಾಳೆ. (ಸಿನಿಮಾ ಸ್ಟುಡಿಯೋಗಳಿರುವ ಗೋರೆಗಾಂವ್, ಅಲ್ಲಿ ಶೂಟಿಂಗ್ ಅಂದ ಕೂಡಲೇ ಪಕ್ಕದ ಮನೆಯಾಕೆ, "ಹೀರೋ ಯಾರ್ರೀ?" ಅಂತ ಕೇಳಿದ್ದಳು.)

ಈಚೆಗೆ ಅವಳ ಗುಂಡು ಮೊದಲ ಸಲ ಗುರಿಯ ನಟ್ಟನಡುವೆ ಹೊಕ್ಕಿತು. ಗುರಿಯ ಹಿಂದಿನ ಮರಳಿನ ಗುಡ್ಡೆಯಿಂದ ಅದನ್ನು ಆರಿಸಿ ತಂದು ನನ್ನ ಅಂಗೈಗೆ ಹಾಕಿದಳು. ಸೀಸದ್ದು, ಚಪ್ಪಟೆಯಾಗಿ ಹುಣಸೆ ಬೀಜದ ಹಾಗಿತ್ತು. (ಅದೇ ಗುಂಡೋ, ಇನ್ಯಾರದೋ, ದೇವರೇ ಬಲ್ಲ.) ನನಗೋ ಹಿಗ್ಗೇ ಹಿಗ್ಗು!

ಬರುವ ಭಾನುವಾರ ರಾಜ್ಯದ ಮ್ಯಾಚು. ಹೊಸ ಸರ ತಂದರೂ ದೇವರ ಮುಂದಿಟ್ಟೇ ಕೊರಳಿಗೆ ಹಾಕುವ ಮನೆ ನಮ್ಮದು. ಗುಂಡಿಗೇಕೆ ಭೇದ ಮಾಡಲಿ? ಸಂಜೆ ದೇವರ ತಾಮ್ರದ ತಂಬಿಗೆಗೆ ನೀರು ತುಂಬಿ, ತುಳಸಿ ಹಾಕಿ, ಜೊತೆಗೆ ಗುಂಡನ್ನೂ ಹಾಕಿಟ್ಟೆ. ಬೆಳಗ್ಗೆ ಪೂಜೆ ಮುಗಿಸಿ ಎಲ್ಲರ ಕೈಗೂ ತೀರ್ಥ ಬಿಡಲು ಹೊರಟೆ.

"ಅಜ್ಜೀ, ರುಕೋ! ಕುಡೀಬೇಡ! ಅದು ಲೆಡ್ಡು, ಜಹರ್!"

ನಂದಿನಿ ತಂಬಿಗೆ ಕಿತ್ತುಕೊಂಡು ಮೋರಿಗೆ ಸುರಿದೇಬಿಟ್ಟಳು. ತೀರ್ಥ ಮೋರಿ ಪಾಲಾಯಿತು. ಸೊಸೆ ಸರೋಜಳ ಕಣ್ಣು ಮಾತ್ರ ಮಗಳ ಮೇಲೇ ನಿಂತಿತು.

"ಜಹರ್? ಅಂದ್ರ ದಿನಾ ವಿಷದ ಜೋಡಿ ಆಟ ಆಡ್ತಿ ಏನು? ಸಾಕವಾ. ರೇಂಜೂ ಬ್ಯಾಡ, ಮ್ಯಾಚೂ ಬ್ಯಾಡ."

ಹುಡುಗಿ ಅವತ್ತು ಊಟಕ್ಕೆ ಏಳಲಿಲ್ಲ. ನಾನು ಸುಮ್ಮನಿರುವವಳೇ? ಮರುದಿನ ಸೊಸೆಯನ್ನೂ ಎಳೆದುಕೊಂಡು ಮೊಮ್ಮಗಳ ಜೊತೆ ಕ್ಲಬ್ಬಿಗೆ ಹೋಗುವ ಲೋಕಲ್ ರೈಲು ಹತ್ತಿದೆ. ತಲೆಯಲ್ಲಿ ಐಡಿಯಾ ಆಗಲೇ ಕುದಿಯುತ್ತಿತ್ತು. ತಾಮ್ರದ ತಂಬಿಗೆಯ ನೀರು ಕುಡಿದೇ ನಾವೆಲ್ಲ ಬೆಳೆದಿಲ್ಲವೇ? ಹಾಗಾದರೆ ಗುಂಡೂ ಇಡಿಯಾಗಿ ತಾಮ್ರದ್ದೇ ಮಾಡಿದರಾಯಿತು!

ಕ್ಲಬ್ಬಿನ ಮರಾಠಿ ಕೋಚ್‌ಗೆ ನನ್ನ ಹರಕು ಹಿಂದಿಯಲ್ಲಿ ಅದನ್ನೇ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ!

"ಆಜಿ, ಪರದೇಶದಲ್ಲಿ ಅಂಥವು ಬರ್ತಾ ಇವೆ. ನಿಮಗೆ ಯಾರು ಹೇಳಿದ್ರು?"

"ನನ್ನ ತಂಬಿಗೆ," ಅಂದೆ. (ಸಿಟ್ಟಿನಲ್ಲಿದ್ದ ಸೊಸೆಯೂ ಸೆರಗನ್ನು ಬಾಯಿಗಿಟ್ಟುಕೊಂಡಳು.)

ಆಮೇಲೆ ಅವರು ಹೇಳಿದ್ದು ಕೇಳಿ ನನ್ನ ಜಂಬ ಇಳಿಯಿತು. ಅಷ್ಟೇ ಗಾತ್ರದ ತಾಮ್ರದ ಗುಂಡು ಹಗುರ, ಮೇಲಾಗಿ ಗಡಸು. ಸೀಸ ಭಾರ, ಮೆತ್ತಗೆ. ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಕಚ್ಚಿಕೊಂಡು, ತಿರುಗುತ್ತ ನೆಟ್ಟಗೆ ಹೋಗುತ್ತದೆ. ನಂದಿನಿಯ ಪಿಸ್ತೂಲು ಸೀಸಕ್ಕೆಂದೇ ಹೊಂದಿಸಿದ್ದು. ತಾಮ್ರದ್ದು ಇಲ್ಲಿ ಸಿಗುವುದೂ ಇಲ್ಲ. ಸಿಕ್ಕರೂ, ತೋಟಾದ ಬುಡದಲ್ಲಿ ಕಿಡಿ ಹಾರಿಸುವ ಮದ್ದಿನಲ್ಲೇ ಸೀಸ ಇರುತ್ತದಂತೆ!

"ಕೇಳಿದ್ರಿಲ್ಲ ಅತ್ತಿ? ನಡೀರಿ ಮನಿಗೆ," ಸರೋಜ ಎದ್ದೇ ನಿಂತಳು.

ನಂದಿನಿಯ ಮುಖ ನೋಡಲಾಗಲಿಲ್ಲ.

"ತಾಯೀ, ಒಂದ್ನಿಮಿಷ," ಎಂದು ಕೋಚ್ ನಮ್ಮನ್ನು ಮೂಲೆಯ ನಲ್ಲಿಯ ಹತ್ತಿರ ಕರೆದೊಯ್ದರು. ಅಲ್ಲಿದ್ದ ತಣ್ಣೀರು, ಸೋಪು ತೋರಿಸಿ ಒಂದೊಂದೇ ನಿಯಮ ಹೇಳಿದರು. ರೇಂಜ್ ನಾಲ್ಕೂ ಕಡೆ ಗಾಳಿಯಾಡುವಂಥದ್ದು. ರೇಂಜಿನಲ್ಲಿ ಯಾರೂ ಏನೂ ತಿನ್ನಕೂಡದು. ಗುಂಡು ಹಾರಿಸಿದ ಮೇಲೆ ಕೈ, ಮುಖ ಉಜ್ಜಿ ತೊಳೆಯಬೇಕು. ಮನೆಗೆ ಹೋದೊಡನೆ ಬಟ್ಟೆ ಬದಲಿಸಬೇಕು, ಅದನ್ನು ಬೇರೆಯಾಗಿಯೇ ಒಗೆಯಬೇಕು. ಅಲ್ಲಿಯವರೆಗೆ ಏನನ್ನೂ ಮುಟ್ಟುವಂತಿಲ್ಲ.

"ಇಕಿ ಮನಿಗೆ ಬಂದಕೂಡ್ಲೆ ಸೀದಾ ಚಕ್ಕುಲಿ ಡಬ್ಬಿಗೇ ಕೈ ಹಾಕ್ತಾಳ್ರೀ!" ಸರೋಜ ಮಗಳ ಬಂಡವಾಳ ಬಯಲಿಗಿಟ್ಟಳು.

"ಕ್ಯಾ, ನಂದಿನಿ?" ಕೋಚ್ ಹುಬ್ಬೇರಿಸಿದರು. ನಂದಿನಿ ತನ್ನ ಬೂಟು ನೋಡಿಕೊಂಡಳು.

ನನಗೆ ಮಾತ್ರ ಕುಣಿಯುವಷ್ಟು ಖುಷಿ! ಮುಟ್ಟಬೇಡ, ತೊಳಕೋ, ಬಟ್ಟೆ ಬದಲಿಸು, ಆಮೇಲೆ ಒಳಗೆ ಬಾ. ಏ, ಇದು ನಮ್ಮ ಮಡಿಯಲ್ಲವೇನ್ರೀ! ಇದಕ್ಕೆ ಪರದೇಶದಿಂದ ಏನೂ ತರಿಸಬೇಕಿಲ್ಲ.

"ಸರೋಜಾ, ಇಕಿ ಮಡಿ ನಾ ನೋಡ್ಕೋತೀನಿ. ಮ್ಯಾಚಿಗೆ ಬಿಡು," ಅಂದೆ.

ಸೊಸೆ ನನ್ನನ್ನು ನೋಡಿದಳು. (ಮದುವೆಯಾಗಿ ಬಂದಾಗಿನಿಂದ ನನ್ನ ಮಡಿಯ ಕಾಟ ಸಹಿಸಿದವಳು. ನಾನು ಎಷ್ಟು ಗಟ್ಟಿ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?)

"ನೀವು ಕಾವಲಿದ್ರ ಆತು," ಅಂದಳು.

ಭಾನುವಾರ ನಂದಿನಿ ಮೂರನೆಯವಳು! ಇಡೀ ರಾಜ್ಯದಲ್ಲಿ! ರೇಂಜಿನ ಬಾಗಿಲಿನಿಂದ "ಅಜ್ಜೀ, ಥರ್ಡ್!" ಎಂದು ಕೂಗುತ್ತ ಓಡಿ ಬಂದಳು. ನಾನು ಎರಡೂ ತೋಳು ಚಾಚಿ ಮುನ್ನುಗ್ಗಿದೆ. ಹುಡುಗಿ ಗಕ್ಕನೆ ಹಿಂದೆ ಸರಿದಳು.

"ಮುಟ್ಟಬೇಡ ಅಜ್ಜೀ! ಇನ್ನೂ ಕೈ ತೊಳೆದಿಲ್ಲ!"

ಜನ್ಮವಿಡೀ ಮನೆಮಂದಿಯನ್ನೆಲ್ಲ "ಮಡಿ, ದೂರ ನಿಲ್ರಿ" ಎಂದು ಗದರಿಸಿದ ನನ್ನನ್ನೇ ದೂರ ನಿಲ್ಲಿಸುವವಳು ಕೊನೆಗೂ ಹುಟ್ಟಿದಳಲ್ಲ, ಇದಕ್ಕಿಂತ ದೊಡ್ಡ ಪದಕ ಯಾವುದಿದೆ ಹೇಳಿ?