ದೋಸೆಹಿಟ್ಟಿನ ವ್ಯಾನಿನ ಹಿಂದೆ ಬಿದ್ದವನು

ಸ್ಟೌಫ್‌ವಿಲ್ ಅನ್ನೋ ಪರದೇಶದ ಊರಲ್ಲಿ ವ್ಯಾನು ಓಡಿಸಿಕೊಂಡು ಮನೆಮನೆಗೆ ದೋಸೆಹಿಟ್ಟು ಹಾಕೋದು ನನ್ನ ಕೆಲಸ. ಒಂದು ಬೆಳಿಗ್ಗೆ ಸೈಕಲ್ಲಿನವನೊಬ್ಬ ಹಿಂದೆ ಬಿದ್ದ, ಬಿಡಲೇ ಇಲ್ಲ. ಬೆಂಗಳೂರಲ್ಲಿ ಯಾರಾದರೂ ಹೀಗೆ ಬೈಕನ್ನು ಅಟ್ಟಿಸಿಕೊಂಡು ಬಂದರೆ ‘ಸೈಡ್ ಸ್ಟ್ಯಾಂಡ್!’ ಅಂತ ಹೇಳೋದಕ್ಕೆ. ವ್ಯಾನಿಗೆಲ್ಲಿಯ ಸ್ಟ್ಯಾಂಡು? ಹಿಂದಿನ ಬಾಗಿಲೇ ತೆರೆದುಕೊಂಡು ಹಿಟ್ಟೆಲ್ಲ ರಸ್ತೆಪಾಲಾಗಿರಬೇಕು ಅಂತ ಗಾಡಿ ನಿಲ್ಲಿಸಿ ಹಿಂದಕ್ಕೆ ಓಡಿದೆ. ಬಾಗಿಲು ಭದ್ರವಾಗಿತ್ತು.

‘ಅಯ್ಯೋ, ಯಾಕೆ ನಿಲ್ಲಿಸಿದ್ರಿ?’ ಅಂದ ಆತ, ಬೇಜಾರಲ್ಲಿ. ಐರ್ಲೆಂಡಿನವನಂತೆ, ರೋಡು, ಟ್ರ್ಯಾಕು ಎರಡರಲ್ಲೂ ವರ್ಷಗಟ್ಟಲೆ ರೇಸ್ ಮಾಡಿಯೇ ಹೊಟ್ಟೆ ಹೊರೆದವನಂತೆ. ‘ನಿಮ್ಮ ವ್ಯಾನು ಎದುರುಗಾಳಿ ತಡೀತಿತ್ತು, ಹಿಂದೆ ತುಳಿಯೋದು ಹಗುರವಾಗಿತ್ತು. ಇಷ್ಟು ಹದವಾಗಿ ಮುಂದೆ ಹೋಗೋರು ನನ್ನ ಟೀಮಲ್ಲೂ ಇರಲಿಲ್ಲ! ನಾಳೆ ಎಷ್ಟೊತ್ತಿಗೆ?’

ಉಬ್ಬಿಹೋಗಿ ‘ಏಳಕ್ಕೆ!’ ಅಂದುಬಿಟ್ಟೆ.

ಮರುದಿನ ಒಂದು ಆರ್ಡರೂ ಇರಲಿಲ್ಲ. ಕೀ ಹಿಡಿದು ಹೊರಟವನನ್ನು ಹೆಂಡತಿ ತಡೆದಳು, ‘ಎಲ್ಲಿಗ್ರೀ?’

‘ಪ್ರಾಕ್ಟೀಸಿಗೆ.’