ಹೊಸ ಬಾಚಣಿಗೆಯ ಕಿಡಿಯೊ

ಎಣ್ಣೆ ಸಿಡಿದು ಮಗಳ ಕೈ ಸುಡಬಹುದಿತ್ತು. ಕಂಡದ್ದನ್ನೆಲ್ಲ ಬಾಯಿಗೆ ಹಾಕುವುದನ್ನೇ ವೃತ್ತಿಯಾಗಿ ಸ್ವೀಕರಿಸಿರುವ, ನಮ್ಮೊಡನೆಯೇ ಇರುವ ನನ್ನ ತಮ್ಮನ ಮಗ, ಐದು ವರ್ಷದ ಚಿರು, ಹಸಿ ಮೈದಾಹಿಟ್ಟನ್ನು ನುಂಗಿ ಹೊಟ್ಟೆನೋವು ತರಿಸಿಕೊಳ್ಳಬಹುದಿತ್ತು. ನಡುವೆಯೇ ಗ್ಯಾಸ್ ಮುಗಿಯಬಹುದಿತ್ತು. ಕರೆಂಟು ಹೋಗಬಹುದಿತ್ತು, ಮೂಡಿಗೆರೆಯಲ್ಲಿ ಅದನ್ನು ಯಾರೂ ಚಿಂತೆ ಎನ್ನುವುದಿಲ್ಲ, ದಿನಚರಿ ಎನ್ನುತ್ತಾರೆ. ಬಾಚಣಿಗೆಯ ಹಲ್ಲೊಂದು ಮುರಿದು ಹಿಟ್ಟಿನೊಳಗೆ ಸೇರಿ, ಯಾರದೋ ಗಂಟಲಿಗೆ ಸಿಕ್ಕಿ, ಅವರನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಒಯ್ಯುವಾಗ ಕಾಫಿಹಣ್ಣು ತುಂಬಿದ ಟ್ರ್ಯಾಕ್ಟರೊಂದು ತಿರುವಿನಲ್ಲಿ ಅಡ್ಡ ನಿಂತಿರಬಹುದಿತ್ತು. ಆ ಭಾನುವಾರ ಬೆಳಗಿನ ಕಾಫಿ ಲೋಟ ಬರಿದಾಗುವಷ್ಟರಲ್ಲಿ ಇಷ್ಟನ್ನೂ ನಾನು ಯೋಚಿಸಿ ಮುಗಿಸಿ, ಟ್ರ್ಯಾಕ್ಟರ್ ಡ್ರೈವರನೊಡನೆ ಮನಸ್ಸಿನಲ್ಲೇ ಒಂದು ಸುತ್ತು ಜಗಳವನ್ನೂ ಆಡಿದ್ದೆ.

ಅಡುಗೆಮನೆಯಲ್ಲಿ ಬಾಚಣಿಗೆಗೇನು ಕೆಲಸ ಎಂದು ನೀವು ಕೇಳಬಹುದು. ಅದು ಕಿಡಿಯೊ ಮಾಡುವುದಕ್ಕೆ. ಮೈದಾಕ್ಕೆ ತೆಂಗಿನ ಹಾಲು, ತುಸು ಸಕ್ಕರೆ, ಚಿಟಿಕೆ ಉಪ್ಪು ಸೇರಿಸಿ ನಾದಿ, ಗೋಲಿಯಷ್ಟು ಹಿಟ್ಟನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ ಉರುಳಿಸಿದರೆ, ಮೈತುಂಬ ಗೆರೆಗಳಿರುವ ಪುಟ್ಟ ಸುರುಳಿಯೊಂದು ಕೆಳಗೆ ಬೀಳುತ್ತದೆ. ಅದನ್ನು ಕರಿದು ಸಕ್ಕರೆಪಾಕದಲ್ಲಿ ಹೊರಳಿಸಿದರೆ ಕಿಡಿಯೊ. ಕ್ರಿಸ್‌ಮಸ್ಸಿಗೆ ಕೊಂಕಣಿ ಮಾತಾಡುವ ಕ್ರೈಸ್ತರ ಮನೆಗಳಲ್ಲಿ ಮಾಡುವ ಕುಸ್ವಾರ್ ಎಂಬ ತಿಂಡಿಗಳ ಬಳಗದಲ್ಲಿ ಮಕ್ಕಳ ಕೈಗೆ ಬಿಟ್ಟುಕೊಟ್ಟಿರುವುದು ಇದೊಂದನ್ನೇ. ಅವರ ಮಾತಿನಲ್ಲಿ ಕಿಡಿಯೊ ಎಂದರೆ ಹುಳುಗಳು ಎಂದಂತೆ. ನಮ್ಮ ಮಾತಿನಲ್ಲಿ ಕಿಡಿ ಎಂದರೆ ಬೆಂಕಿಯದು. ಒಂದೇ ಶಬ್ದ ಬೇಲಿಯ ಆಚೆ ತೆವಳುತ್ತದೆ, ಈಚೆ ಸುಡುತ್ತದೆ. ಯಾರಾದರೂ ಒಂದು ಮಾತಿನ ಹುಳುವನ್ನು ತಲೆಗೆ ಬಿಟ್ಟರೆ ಅದಕ್ಕೆ ಅನ್ನಾಹಾರ ಹಾಕಿ ಹಾವಿನಷ್ಟು ಬೆಳೆಸುವ ನನ್ನಂಥವನಿಗೆ ಈ ಎರಡು ಅರ್ಥಗಳ ನಡುವಿನ ದೂರ ಬಹಳವೇನಲ್ಲ.

ಬೇಲಿಯ ಆಚೆಗಿರುವವರು ಬಾಯಮ್ಮ. ಚರ್ಚಿನ ದಾಖಲೆಯಲ್ಲಿ ಅವರಿಗೆ ಬೇರೆ ಹೆಸರಿದೆ. ನಮ್ಮ ಬೀದಿಗೆ ಅವರು ಬಾಯಮ್ಮ ಮಾತ್ರ. ಅವರ ಯಜಮಾನರು ಜಾವಳಿ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವವರಿಗೆ ಆ ಹೆಸರೆಂಬುದು ತಿಳಿಯದೆ, ಅವರು ಕತೆ ಬರೆಯುತ್ತಾರೆಂದೇ ನಾನು ಬಹುಕಾಲ ನಂಬಿ, ಅವರೆದುರು ಎಚ್ಚರಿಕೆಯಿಂದ ನಡೆದುಕೊಳ್ಳುತ್ತಿದ್ದೆ. ಡಿಸೆಂಬರಿನಲ್ಲಿ, ಹಬ್ಬಕ್ಕೆ ಮುಂಚಿನ ಭಾನುವಾರ, ಬೀದಿಯ ಮಕ್ಕಳೆಲ್ಲ ಬಾಯಮ್ಮನ ಜಗುಲಿಯಲ್ಲಿ ಚಾಪೆಯ ಮೇಲೆ ಕೂರುತ್ತಿದ್ದೆವು. ವರ್ಷವಿಡೀ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿರುತ್ತಿದ್ದ, ಯಾರ ತಲೆಯನ್ನೂ ಮುಟ್ಟದ ಬಾಚಣಿಗೆಗಳು ಅಂದು ಹೊರಬರುತ್ತಿದ್ದವು. ಪ್ರತಿ ಮಗು ಉರುಳಿಸಿದ ಮೊದಲ ಕಿಡಿಯೊವನ್ನು, ಅದೆಷ್ಟು ಸೊಟ್ಟಗಿದ್ದರೂ, ಬಾಯಮ್ಮ ಬೇರೆ ಇಡುತ್ತಿದ್ದರು. ಕ್ರಿಸ್‌ಮಸ್ ಬೆಳಿಗ್ಗೆ ಮನೆಮನೆಗೆ ಹೋಗುವ ತಟ್ಟೆಯಲ್ಲಿ, ಎಲ್ಲಕ್ಕಿಂತ ಮೇಲೆ, ಆಯಾ ಮನೆಯ ಮಗುವಿನ ಸೊಟ್ಟ ಕಿಡಿಯೊ. ನನ್ನದು ಜಿಗಣೆಯಂತಿತ್ತು. ಅದನ್ನು ನಮ್ಮ ಅಪ್ಪ ಗಣ್ಯರಿಗೆ ತೋರಿಸುವಂತೆ ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದು ನನ್ನ ಜೀವನದ ಮೊದಲ ಮತ್ತು ಬಹುಶಃ ಕೊನೆಯ ಸನ್ಮಾನ.

ನಮ್ಮದು ಪಾತ್ರೆ ಅಂಗಡಿ, ಮನೆತನ ಲಿಂಗ ಕಟ್ಟಿಕೊಂಡವರದು. ನಮ್ಮ ಮನೆಯ ಮಕ್ಕಳು ಹಿಟ್ಟಿಗೆ ಕೈಹಾಕುತ್ತಾರೆಂಬ ಒಂದೇ ಕಾರಣಕ್ಕೆ ಬಾಯಮ್ಮ ಕಿಡಿಯೊಗೆ ಮೊಟ್ಟೆ ಹಾಕುವುದನ್ನು ನನ್ನ ಬಾಲ್ಯದಲ್ಲೇ ಬಿಟ್ಟರು. ಮಂಗಳೂರಿನಿಂದ ಬಂದ ಅವರ ನಾದಿನಿಯರು ಅದನ್ನು ಕಚ್ಚಿ ನೋಡಿ ಮುಖ ಸೊಟ್ಟ ಮಾಡಿದರೂ ಮತ್ತೆ ಹಾಕಲಿಲ್ಲ. ಕರಿಯುವುದಕ್ಕೆ ಬೇರೆಯೇ ಬಾಣಲೆ ಕೊಂಡರು, ನಮ್ಮ ಅಂಗಡಿಯಿಂದಲೇ. ಎರಡು ಮನೆಗಳ ನಡುವೆ ಓಡಾಡುವ ತಟ್ಟೆಗೂ ಒಂದು ಶಿಸ್ತಿತ್ತು: ಅದು ಬರಿದಾಗಿ ಹಿಂತಿರುಗುವಂತಿಲ್ಲ. ಕುಸ್ವಾರ್ ತಂದ ತಟ್ಟೆಯಲ್ಲಿ ಅಮ್ಮ ಎರಡು ಬಾಳೆಹಣ್ಣಾದರೂ ಇಟ್ಟು ಕಳಿಸುತ್ತಿದ್ದಳು. ನಮ್ಮ ಸಂಕ್ರಾಂತಿಯ ಎಳ್ಳುಬೆಲ್ಲದ ತಟ್ಟೆ ಅಲ್ಲಿಂದ ಏನನ್ನಾದರೂ ಹೊತ್ತೇ ಬರುತ್ತಿತ್ತು. ರೈಟರು ತೀರಿಕೊಂಡ ವಾರ ಅಮ್ಮ ಗಂಜಿಯ ಪಾತ್ರೆಯನ್ನು ತಟ್ಟೆಯಲ್ಲಿಟ್ಟು ಕಳಿಸಿದಾಗ, ಆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಬಾಯಮ್ಮ ಅಳುತ್ತಲೇ ಎದ್ದು ಡಬ್ಬಿ ಹುಡುಕಿ ಒಂದು ಹಿಡಿ ಸಕ್ಕರೆ ಸುರಿದು ಕಳಿಸಿದ್ದರು. ಆ ತಟ್ಟೆಯನ್ನು ಹೊತ್ತು ತಂದವನು ನಾನೇ.

ಇಷ್ಟೆಲ್ಲ ಗೊತ್ತಿದ್ದವನು ನಾನು ಎಂಬುದನ್ನು ಮುಂದೆ ಓದುವಾಗ ನೀವು ಮರೆಯಬಾರದು.

ಕಳೆದ ಡಿಸೆಂಬರಿನಲ್ಲಿ, ಹಣ್ಣು ಕೊಯ್ಲಿನ ಭರಾಟೆಯ ನಡುವೆ, ಮಲ್ಲಂದೂರು ಕಡೆಯ ಬೆಳೆಗಾರರಾದ ಚಂದ್ರಣ್ಣ ಅಂಗಡಿಗೆ ಬಂದು ಕುಳಿತರು. ಆಳುಗಳ ಕೊರತೆ, ಅಕಾಲದ ಮೋಡ, ಕಾಡುಕೋಣ, ಎಲ್ಲವೂ ಮುಗಿದ ಮೇಲೆ ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಅದಕ್ಕೂ ಹಿಂದಿನ ವರ್ಷ ಬಾಯಮ್ಮನ ಜಗುಲಿಯಲ್ಲಿ ಯಾರೋ ತೆಗೆದದ್ದು: ಮೂಗಿಗೆಲ್ಲ ಮೈದಾ ಮೆತ್ತಿಕೊಂಡ ನನ್ನ ಮಗಳು ನಿಧಿ, ಕೈಯಲ್ಲಿ ಬಾಚಣಿಗೆ, ಹಿಂದೆ ಕಾಗದದ ನಕ್ಷತ್ರ. ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಹಾಕಿದವರು ಕೆಳಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೆ. ಬೆನ್ನು ಬಾಗಿಸಿಕೊಂಡು ಎದ್ದು ನಿಂತ ಹುಳುವಿನಂತೆ ಅದು ಮಗಳ ಕಾಲಬುಡದಲ್ಲಿತ್ತು.

"ನಾನೇನೂ ಹೇಳಲ್ಲ ಮಾರಾಯ," ಎಂದರು ಚಂದ್ರಣ್ಣ. "ಜನ ಕೇಳ್ತಾರೆ. ಈ ಸಲಾನೂ ಕಳಿಸ್ತೀಯಾ ಹೇಗೆ?"

ಅವರು ಬೆದರಿಸಲಿಲ್ಲ. ದನಿ ಏರಿಸಲಿಲ್ಲ. ನಕ್ಕುಕೊಂಡೇ ಕೇಳಿದ್ದರು. ಈ ಪ್ರಶ್ನೆಗೆ ಹೇಳಬಹುದಾಗಿದ್ದ ಉತ್ತರಗಳು ಈಗ ನನ್ನಲ್ಲಿ ಹೇರಳವಾಗಿವೆ. ಸ್ನಾನ ಮಾಡುವಾಗ, ಅಂಗಡಿಯ ಬಾಗಿಲು ಎತ್ತುವಾಗ, ಒಂದಕ್ಕಿಂತ ಒಂದು ಖಾರವಾಗಿ ಹೊಳೆಯುತ್ತವೆ. ಆದರೆ ಅಂದು ನಾನು ಮಾಡಿದ್ದು ಅವರ ನಗೆಗೆ ನನ್ನದೊಂದು ನಗೆ ಸೇರಿಸಿ, ಎದುರಿನ ಹೋಟೆಲಿನಿಂದ ಎರಡು ಕಾಫಿ ತರಿಸಿದ್ದು. ಸಕ್ಕರೆ ಕಡಿಮೆ ಎಂದು ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಅಂಜುಬುರುಕನಿಗೆ ಇರುವ ದೊಡ್ಡ ಸೌಲಭ್ಯವೆಂದರೆ ಅವನ ದಾಸ್ತಾನಿನಲ್ಲಿ ನೆಪಗಳಿಗೆ ಕೊರತೆಯಿಲ್ಲ. ಎಣ್ಣೆ, ಕೆಮ್ಮು, ಪರೀಕ್ಷೆ, ಚಳಿಗಾಳಿ, ಎಲ್ಲವನ್ನೂ ಅವನು ಪ್ರಾಮಾಣಿಕವಾಗಿ ಹೆದರಿ ಹೆದರಿ ಮೊದಲೇ ಕೂಡಿಟ್ಟಿರುತ್ತಾನೆ. ಬೇಕಾದಾಗ ಒಂದನ್ನು ತೆಗೆದು ಧೂಳು ಒರೆಸಿದರಾಯಿತು. ಶನಿವಾರ ಬೆಳಿಗ್ಗೆ ಬೇಲಿಯ ಬಳಿ ಬಾಯಮ್ಮ ಕಂಡಾಗ ನಾನು ಒಂದಲ್ಲ, ಎರಡನ್ನು ತೆಗೆದೆ. ಮಕ್ಕಳಿಬ್ಬರಿಗೂ ಕೆಮ್ಮು, ಅಲ್ಲದೆ ಎಣ್ಣೆ ಸಿಡಿದರೆ ಕಷ್ಟ, ಈ ಸಲ ಕಳಿಸುವುದಿಲ್ಲ ಎಂದೆ.

ಬಾಯಮ್ಮ ಕುಂಡಕ್ಕೆ ನೀರು ಹಾಕುತ್ತಿದ್ದ ಚೊಂಬನ್ನು ಕೆಳಗಿಟ್ಟರು. "ಎಣ್ಣೆ ಹತ್ರ ಮಕ್ಕಳ್ನ ನಾನು ಯಾವತ್ತು ಬಿಟ್ಟಿದೀನಿ ಮಂಜು? ನಿನ್ನನ್ನೇ ಬಿಟ್ಟಿರ್ಲಿಲ್ಲ." ಆಮೇಲೆ, ಕೆಮ್ಮಿಗೆ ದೊಡ್ಡಪತ್ರೆಯ ರಸ ಒಳ್ಳೆಯದೆಂದು, ತಮ್ಮ ಕುಂಡದಿಂದಲೇ ನಾಲ್ಕು ಎಲೆ ಕಿತ್ತು ಕೊಟ್ಟರು. ಒಳಗೆ ಹೋಗುವಾಗ, "ಬಾಚಣಿಗೆ ತೊಳೆದಿಟ್ಟಿದ್ದೆ," ಎಂದರು. ನನಗೆ ಹೇಳಿದಂತಿರಲಿಲ್ಲ.

ಎಲೆಗಳನ್ನು ಹಿಡಿದು ಮನೆಯೊಳಗೆ ಬಂದ ನನ್ನನ್ನು ನೋಡಿ ಹೆಂಡತಿ ಗಿರಿಜ ವಿಷಯವನ್ನೆಲ್ಲ ಕೇಳಿಸಿಕೊಂಡಳು. "ಯಾವ ಮಗೂಗೆ ಕೆಮ್ಮು ಬಂದಿದೆ ಅಂತ ಹೇಳಿ, ರಸ ಹಿಂಡ್ತೀನಿ," ಎಂದಳು. ಯಾರೂ ಕೆಮ್ಮದ ಕಾರಣ, ಅಂದು ಸಂಜೆ ಆ ಎಲೆಗಳ ತಂಬುಳಿಯಾಯಿತು. ನಾನು ಎರಡು ಸಲ ಬಡಿಸಿಕೊಂಡೆ.

ಮಕ್ಕಳು ಅತ್ತರು. ಅವರನ್ನು ಸಮಾಧಾನಪಡಿಸಲು ನನಗೆ ಹೊಳೆದ ಉಪಾಯವೇ ಆ ಭಾನುವಾರದ ಪ್ರಹಸನ: ಕಿಡಿಯೊ ತಾನೇ ಬೇಕು, ನಮ್ಮ ಮನೆಯಲ್ಲೇ ಮಾಡೋಣ. ನಕ್ಷತ್ರವಿಲ್ಲ, ಜಗುಲಿಯಿಲ್ಲ, ಫೋಟೊ ಇಲ್ಲ. ಅಡುಗೆಮನೆಯೊಳಗೆ ಅದು ಯಾವ ಹಬ್ಬಕ್ಕೂ ಸೇರದ ಮೈದಾತಿಂಡಿ. ಪಕ್ಕದ ಫ್ಯಾನ್ಸಿ ಸ್ಟೋರಿನಿಂದ ಮೂರು ಹೊಸ ಬಾಚಣಿಗೆ ತಂದೆ. ಹಿಟ್ಟು ನಾದಿದೆ. ನಿಧಿ ಪಕ್ಕದಲ್ಲೇ ಕುಳಿತು, ಬಾಯಮ್ಮ ಇಷ್ಟು ಗಟ್ಟಿ ಕಲಸುವುದಿಲ್ಲ, ಬಾಯಮ್ಮ ಹೀಗೆ ಒತ್ತುವುದಿಲ್ಲ, ಬಾಯಮ್ಮ ಅಂಚನ್ನು ನೀರು ಹಚ್ಚಿ ಮುಚ್ಚುತ್ತಾರೆ ಎಂದು ನನ್ನನ್ನು ತಿದ್ದುತ್ತಲೇ ಇದ್ದಳು. ಇಷ್ಟೆಲ್ಲ ಗೊತ್ತಿರುವ ಬಾಯಮ್ಮನನ್ನೇ ಕರೆದುಬಿಡಲೇ ಎಂದೂ ಕೇಳಿದಳು. ಅವರಿಗೆ ಕೆಲಸವಿರುತ್ತದೆ ಎಂದೆ. ಎಣ್ಣೆ ಕಾಯುವ ಮೊದಲು ಬೇಲಿಯ ಕಡೆಯ ಕಿಟಕಿಯನ್ನು ಮುಚ್ಚಿದೆ. ತೆಂಗಿನ ಹಾಲಿನ ಹಿಟ್ಟು ಕರಿಯುವ ಪರಿಮಳ ಎಂಥದೆಂದು ಬೀದಿಯಲ್ಲಿ ಬಾಯಮ್ಮನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹೊಗೆ ತುಂಬಿ ಎಲ್ಲರಿಗೂ ನಿಜವಾಗಿಯೇ ಕೆಮ್ಮು ಬಂದಾಗ, ಗಿರಿಜ ಬಂದು ಕಿಟಕಿಯನ್ನು ಹಾರುಹೊಡೆದು ಹೋದಳು.

ಕಿಡಿಯೊ ಚೆನ್ನಾಗಿಯೇ ಆದವು. ನಿಧಿ ಒಂದು ಸ್ಟೀಲ್ ತಟ್ಟೆಯಲ್ಲಿ ಅವನ್ನು ತುಂಬಿ, ಎಲ್ಲಕ್ಕಿಂತ ಮೇಲೆ ಚಿರು ಉರುಳಿಸಿದ ಮೊದಲನೆಯದನ್ನು, ಉರುಳಿದ್ದಕ್ಕಿಂತ ಬಿದ್ದಂತಿದ್ದ ಅದನ್ನು, ಇಟ್ಟು ಬಾಯಮ್ಮನ ಮನೆಗೆ ಹೊರಟೇಬಿಟ್ಟಳು. ತಡೆಯಲು ಒಂದು ನೆಪ ಹುಡುಕಿದೆ. ಬದುಕಿನಲ್ಲಿ ಮೊದಲ ಬಾರಿ ದಾಸ್ತಾನು ಮುಗಿದಿತ್ತು.

ಅವಳು ಹೋಗಿದ್ದು ಸ್ವಲ್ಪ ಹೊತ್ತು. ಆ ಹೊತ್ತಿನಲ್ಲಿ ನಾನು ಹಿತ್ತಲಿನ ಮೆಟ್ಟಿಲ ಮೇಲೆ ನಿಂತು ನಾಯಿ, ಹಾವು, ಜಾರುವ ಕಲ್ಲು, ಎಲ್ಲವನ್ನೂ ಒಂದೊಂದಾಗಿ ನೆನೆದು ಹೆದರಿದೆ. ಹೆದರಬೇಕಾದ ಒಂದನ್ನು ಬಿಟ್ಟು. ನಿಧಿ ಬಂದು ವರದಿ ಒಪ್ಪಿಸಿದಳು. ಬಾಯಮ್ಮ ಕೆಮ್ಮು ಹೇಗಿದೆ ಮಗಾ ಎಂದು ಕೇಳಿದರಂತೆ. ಇವಳು ಯಾವ ಕೆಮ್ಮು ಎಂದಳಂತೆ. ಅವರು ತಟ್ಟೆ ತೆಗೆದುಕೊಂಡು ಒಳಗೆ ಹೋಗಿ ಬಂದರಂತೆ.

"ಚೆನ್ನಾಗಾಗಿದೆ ಅಂತ ಮಂಜುನಾಥ ಅವ್ರಿಗೆ ಹೇಳು ಅಂದ್ರು ಅಪ್ಪ," ಎಂದಳು. "ಅದು ಯಾರು ಅಂತ ನಂಗೆ ಫಸ್ಟ್ ಗೊತ್ತೇ ಆಗ್ಲಿಲ್ಲ."

ಐವತ್ತಕ್ಕೆ ಬಂದವನಿಗೆ ಯಾರಾದರೂ ಬಹುವಚನ ಕೊಟ್ಟರೆ ಹಿಗ್ಗಬೇಕು. ನಾನು ತಟ್ಟೆಯನ್ನು ಕೈಗೆ ತೆಗೆದುಕೊಂಡೆ. ಎಣ್ಣೆ ಸಿಡಿಯಲಿಲ್ಲ, ಗ್ಯಾಸ್ ಮುಗಿಯಲಿಲ್ಲ, ಕರೆಂಟು ಕೂಡ ಅಂದು ಅಪರೂಪಕ್ಕೆಂಬಂತೆ ಇದ್ದೇ ಇತ್ತು. ಬಾಚಣಿಗೆಯ ಹಲ್ಲುಗಳೆಲ್ಲ ಸ್ವಸ್ಥಾನದಲ್ಲಿದ್ದವು, ಚಿರುವಿನ ಹೊಟ್ಟೆ ಸುಸ್ಥಿತಿಯಲ್ಲಿತ್ತು, ಗುಂಪಿನಲ್ಲಿ ಯಾವ ಹೊಸ ಚಿತ್ರವೂ ಬರಲಿಲ್ಲ. ಪಾತ್ರೆ ವ್ಯಾಪಾರಿಯಾದ್ದರಿಂದ ಅಭ್ಯಾಸಬಲದಿಂದ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಚೊಕ್ಕಟವಾಗಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿದ್ದರು. ಅದರಲ್ಲಿ ಒಂದು ಹರಳು ಸಕ್ಕರೆಯೂ ಇರಲಿಲ್ಲ.